ಶಾಸ್ತ್ರ ತಪ್ಪದು ಎಂಬವರೊಡನೆ ವಾದ

ಧರ್ಮಗ್ರಂಥದ ಮೇಲಿನ ಶ್ರದ್ಧೆ ಮನುಷ್ಯನಿಗೆ ದೊಡ್ಡ ಆಧಾರ. ಕಷ್ಟ ಬಂದಾಗ, ಸಾವುನೋವು ಮನೆ ಹೊಕ್ಕಾಗ, ಮುಂದಿನ ದಾರಿ ಕಾಣದಾದಾಗ ಹಿರಿಯರು ಹೇಳಿಟ್ಟ ಒಂದು ಮಾತು ನೆನಪಿಗೆ ಬಂದು ಕೈಹಿಡಿಯುತ್ತದೆ. ಅಂಥ ಶ್ರದ್ಧೆಯನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಶಾಸ್ತ್ರವನ್ನು ನಂಬುವುದು ಬೇರೆ, ನನ್ನ ಶಾಸ್ತ್ರದಲ್ಲಿ ಒಂದಕ್ಷರವೂ ತಪ್ಪಿಲ್ಲ, ಆದ್ದರಿಂದ ನಾನು ಹೇಳಿದ್ದರಲ್ಲಿಯೂ ತಪ್ಪಿಲ್ಲ ಎಂದು ಎದುರಿನವನ ಮೇಲೆ ಏರಿಹೋಗುವುದು ಬೇರೆ. ಮೊದಲನೆಯದು ಭಕ್ತಿ, ಎರಡನೆಯದು ಭಕ್ತಿಯ ವೇಷ ತೊಟ್ಟ ಅಹಂಕಾರ. ಇವೆರಡರ ನಡುವಿನ ಗೆರೆ ಬಹಳ ತೆಳುವಾದುದರಿಂದ ಒಳ್ಳೆಯ ಭಕ್ತರೂ ತಿಳಿಯದೆ ಅದನ್ನು ದಾಟಿಬಿಡುತ್ತಾರೆ.

ಕಾರ್ಕಳ ತಾಲ್ಲೂಕಿನ ಅಜೆಕಾರಿನ ಕಡೆಯ ಹಿರಿಯ ಭಕ್ತರೊಬ್ಬರು ಕೇಳಿದ ಪ್ರಶ್ನೆಯಿಂದ ಈ ವಿಚಾರವನ್ನು ಬರೆಯಬೇಕೆನಿಸಿತು. ತುಳುನಾಡಿನಲ್ಲಿ ವೀರಶೈವರ ಮನೆಗಳು ಕಡಿಮೆ. ದೇವಸ್ಥಾನ, ದೈವಸ್ಥಾನ, ಗರಡಿ, ಬಸದಿ, ಚರ್ಚು, ಮಸೀದಿ ಎಲ್ಲವೂ ಒತ್ತೊತ್ತಾಗಿರುವ ಆ ಸೀಮೆಯಲ್ಲಿ ನೆರೆಯವರ ನೆರವಿಲ್ಲದೆ ಬಾಳುವೆ ಸಾಗದು. ಈ ಹಿರಿಯರಿಗೂ ಅವರ ನೆರೆಯವರಿಗೂ ನಲವತ್ತು ವರ್ಷಗಳ ಸ್ನೇಹ. ನೆರೆಯವರದು ಬೇರೆ ಮತ. ಯಾವ ಮತವೆಂದು ಹೇಳುವ ಅಗತ್ಯವಿಲ್ಲ, ಏಕೆಂದರೆ ನಾವು ಹೇಳಹೊರಟಿರುವ ದೋಷ ಎಲ್ಲ ಮತಗಳಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಇಬ್ಬರ ತೋಟಗಳ ನಡುವೆ ಒಂದು ತೋಡು ಹರಿಯುತ್ತದೆ. ಮಳೆಗಾಲ ಮುಗಿದ ಮೇಲೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಆ ತೋಡಿಗೆ ಇಬ್ಬರೂ ಸೇರಿ ಕಟ್ಟ ಕಟ್ಟುವುದು, ನಿಂತ ನೀರನ್ನು ಎರಡೂ ಅಡಿಕೆ ತೋಟಗಳಿಗೆ ಹಂಚಿಕೊಳ್ಳುವುದು ಅವರ ತಂದೆಯವರ ಕಾಲದಿಂದ ಬಂದ ವಾಡಿಕೆ.

ಒಂದು ಮದುವೆಯ ಊಟವಾದ ಮೇಲೆ ಮಾತು ಧರ್ಮಗ್ರಂಥಗಳ ಕಡೆಗೆ ತಿರುಗಿತು. ನಮ್ಮ ಗ್ರಂಥ ದೇವರ ಮಾತು, ಅದರಲ್ಲಿ ತಪ್ಪಿರುವುದು ಸಾಧ್ಯವೇ ಇಲ್ಲ ಎಂದು ನೆರೆಯವರು ಹೇಳಿದರು. ಹಾಗಾದರೆ ನಮ್ಮದು ಸುಳ್ಳೇ ಎಂದು ಇವರು ಕೇಳಿದರು. ಮಾತಿಗೆ ಮಾತು ಬೆಳೆದು ಚಪ್ಪರದಲ್ಲಿದ್ದವರೆಲ್ಲ ತಿರುಗಿ ನೋಡುವಂತಾಯಿತು. ಆ ವರ್ಷ ತೋಡಿಗೆ ಕಟ್ಟ ಬೀಳಲಿಲ್ಲ. ಬೇಸಿಗೆಯಲ್ಲಿ ಎರಡು ತೋಟಗಳೂ ಬಾಡಿದವು. ಇಷ್ಟೆಲ್ಲ ಹೇಳಿ ಆ ಹಿರಿಯರು, ‘ಸ್ವಾಮಿಗಳು ಅವರ ಬಾಯಿ ಮುಚ್ಚಿಸುವಂಥ ಒಂದು ಉತ್ತರ ಕೊಡಬೇಕು’ ಎಂದು ಬೇಡಿದರು.

ಬಾಯಿ ಮುಚ್ಚಿಸುವ ಉತ್ತರ ನಮ್ಮಲ್ಲಿ ಇಲ್ಲ, ಇದ್ದರೂ ಕೊಡಲಾರೆವು ಎಂದೆವು. ನಮ್ಮ ತರ್ಕಶಾಸ್ತ್ರವು ಮಾತಿನ ಹೋರಾಟವನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಸತ್ಯವನ್ನು ತಿಳಿಯಬೇಕೆಂದು ಇಬ್ಬರೂ ಸೇರಿ ನಡೆಸುವುದು ವಾದ. ಗೆಲ್ಲಬೇಕೆಂದೇ ನಡೆಸುವುದು ಜಲ್ಪ. ತನ್ನದೆಂಬ ಯಾವ ಪಕ್ಷವನ್ನೂ ಮಂಡಿಸದೆ ಎದುರಿನವನದನ್ನು ಮುರಿಯುವುದಕ್ಕಷ್ಟೇ ನಿಲ್ಲುವುದು ವಿತಂಡ. ಮದುವೆಯ ಚಪ್ಪರದಲ್ಲಿ ನಡೆದದ್ದು ಎರಡನೆಯದು, ಈಗ ಆ ಹಿರಿಯರು ಬೇಡುತ್ತಿದ್ದುದು ಮೂರನೆಯದು. ಮೊದಲನೆಯದರ ದಾರಿಯನ್ನು ಹುಡುಕಲು ಅವರು ದೂರ ಹೋಗಬೇಕಾಗಿಲ್ಲ, ತುಳುನಾಡಿನಲ್ಲಿಯೇ ಅದರ ಹೆಜ್ಜೆಗಳಿವೆ.

ಶಾಸ್ತ್ರ ತಪ್ಪದು ಎಂಬ ಸಿದ್ಧಾಂತವನ್ನು ಅತ್ಯಂತ ಬಿಗಿಯಾಗಿ ಪ್ರತಿಪಾದಿಸಿದ ಮಹನೀಯರಲ್ಲಿ ಒಬ್ಬರು ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು. ವೇದವನ್ನು ಯಾವ ಮನುಷ್ಯನೂ ರಚಿಸಲಿಲ್ಲ, ಅದು ಅಪೌರುಷೇಯ, ಕರ್ತೃವೇ ಇಲ್ಲದ್ದರಿಂದ ಕರ್ತೃವಿನ ಅಜ್ಞಾನವಾಗಲಿ ವಂಚನೆಯಾಗಲಿ ಅದನ್ನು ಸೋಂಕಲಾರದು ಎಂಬುದು ಅವರ ನಿಲುವು. ಅಂಥವರು ಹದಿಮೂರನೆಯ ಶತಮಾನದಲ್ಲಿ ಕಾಸರಗೋಡಿನ ಬಳಿಯ ಕೂಡ್ಲಿನಲ್ಲಿ ತ್ರಿವಿಕ್ರಮ ಪಂಡಿತಾಚಾರ್ಯರೊಡನೆ ವಾದಕ್ಕೆ ಕುಳಿತರು. ತ್ರಿವಿಕ್ರಮರು ಅದ್ವೈತದಲ್ಲಿ ನುರಿತ ವಿದ್ವಾಂಸರು. ವಾದವು ಹದಿನೈದು ದಿನ ನಡೆಯಿತೆಂದು ಸಂಪ್ರದಾಯ ಹೇಳುತ್ತದೆ. ಕೊನೆಗೆ ತ್ರಿವಿಕ್ರಮರು ಆಚಾರ್ಯರ ಶಿಷ್ಯರಾದರು. ಅವರ ಮಗ ನಾರಾಯಣ ಪಂಡಿತಾಚಾರ್ಯರೇ ಮುಂದೆ ಆಚಾರ್ಯರ ಚರಿತ್ರೆಯಾದ ಸುಮಧ್ವವಿಜಯವನ್ನು ಬರೆದರು.

ಆ ಇಬ್ಬರಿಗೂ ವೇದ ಪ್ರಮಾಣವೇ ಆಗಿತ್ತು. ವೇದದಲ್ಲಿ ತಪ್ಪಿದೆ ಎಂದು ಅವರಲ್ಲಿ ಯಾರೂ ಹೇಳಲಿಲ್ಲ. ಆದರೂ ಹದಿನೈದು ದಿನ ಮಾತನಾಡುವಷ್ಟು ಭಿನ್ನಾಭಿಪ್ರಾಯವಿತ್ತು. ಒಂದೇ ಉಪನಿಷತ್ತನ್ನು ಓದಿ ಶಂಕರರು ಜೀವ ಬ್ರಹ್ಮ ಒಂದೇ ಎಂದರು, ರಾಮಾನುಜರು ವಿಶಿಷ್ಟವಾದ ಐಕ್ಯವನ್ನು ಕಂಡರು, ಮಧ್ವರು ಭೇದವನ್ನು ಕಂಡರು, ನಮ್ಮ ಶ್ರೀಪತಿ ಪಂಡಿತರು ಶ್ರೀಕರಭಾಷ್ಯದಲ್ಲಿ ಭೇದಾಭೇದವನ್ನು ಕಂಡರು. ಗ್ರಂಥ ತಪ್ಪದು ಎಂದು ಎಲ್ಲರೂ ಒಪ್ಪಿದ ಮೇಲೂ ಯಾವ ಅರ್ಥ ತಪ್ಪದು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಆ ಅರ್ಥವನ್ನು ಆರಿಸುವುದು ಮನುಷ್ಯನ ಬುದ್ಧಿ. ದೇವರ ಮಾತು ಎಂದು ನಾವು ತೋರಿಸುವುದು ದೇವರ ಮಾತಿನ ನಮ್ಮ ಗ್ರಹಿಕೆಯನ್ನೇ ಹೊರತು ಬೇರೇನನ್ನೂ ಅಲ್ಲ. ಆದ್ದರಿಂದ ಎದುರಿನವರು ‘ನನ್ನ ಗ್ರಂಥ ತಪ್ಪದು’ ಎಂದರೆ ಅದನ್ನು ಅಲ್ಲಗಳೆಯಲು ಹೋಗಬೇಡಿ. ‘ಆಗಲಿ, ನೀವು ಅದನ್ನು ಸರಿಯಾಗಿಯೇ ತಿಳಿದಿದ್ದೀರಿ ಎಂಬುದು ಹೇಗೆ ಗೊತ್ತಾಗಬೇಕು?’ ಎಂದು ವಿನಯದಿಂದ ಕೇಳಿ. ಅದೇ ಪ್ರಶ್ನೆಯನ್ನು ನಿಮಗೂ ಕೇಳಿಕೊಳ್ಳಿ.

ಅದೇ ಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯನಿರ್ಣಯದಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ಭಾರತದ ಪ್ರತಿಗಳಲ್ಲಿ ಕೆಲವರು ಇಲ್ಲದ್ದನ್ನು ಸೇರಿಸಿದ್ದಾರೆ, ಕೆಲವರು ಇದ್ದದ್ದನ್ನು ಬಿಟ್ಟಿದ್ದಾರೆ, ಕೆಲವರು ಸ್ಥಾನಪಲ್ಲಟ ಮಾಡಿದ್ದಾರೆ, ತಿಳಿಯದೆ ಬದಲಿಸಿದವರೂ ಇದ್ದಾರೆ ಎಂಬುದು ಅದರ ಸಾರ. ಇದು ವೇದದ ಮಾತಲ್ಲ, ಇತಿಹಾಸ ಗ್ರಂಥದ ಪ್ರತಿಗಳ ಮಾತು. ಆದರೂ ಗ್ರಂಥದ ಮೇಲಿನ ಅವರ ಭಕ್ತಿ ಓಲೆಯ ಮೇಲಿನ ಕೈತಪ್ಪನ್ನು ಕಾಣದಂತೆ ಅವರ ಕಣ್ಣು ಕಟ್ಟಲಿಲ್ಲ. ಇನ್ನು ಶಂಕರಾಚಾರ್ಯರು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ, ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿವಾಕ್ಯಗಳು ಹೇಳಿದರೂ ಅವು ಪ್ರಮಾಣವಾಗಲಾರವು ಎಂಬ ಅರ್ಥದ ಮಾತನ್ನಾಡಿದ್ದಾರೆ. ಕಣ್ಣಿಗೆ ಕಾಣುವುದನ್ನು, ಕೈಗೆ ಸುಡುವುದನ್ನು ತಿಳಿಸಲು ಶಾಸ್ತ್ರ ಬಂದಿಲ್ಲ. ಕಣ್ಣಿಗೆ ಕಾಣದ್ದನ್ನು ತಿಳಿಸಲು ಬಂದಿದೆ. ಪ್ರತ್ಯಕ್ಷಕ್ಕೆ ವಿರುದ್ಧವಾಗಿ ಒಂದು ವಾಕ್ಯ ಕಂಡರೆ ಅದರ ತಾತ್ಪರ್ಯವನ್ನು ಬೇರೆ ಕಡೆ ಹುಡುಕಬೇಕೆಂಬ ನಿಯಮವನ್ನು ಮೀಮಾಂಸಕರೂ ಒಪ್ಪುತ್ತಾರೆ. ಹೊಗಳಿಕೆಗಾಗಿ ಬಂದ ಮಾತನ್ನು ಅವರು ಅರ್ಥವಾದ ಎಂದು ಕರೆದು, ಅದನ್ನು ಅಕ್ಷರಶಃ ಹಿಡಿಯಬಾರದೆಂದರು. ಶಾಸ್ತ್ರವನ್ನು ಯಾರು ಹೆಚ್ಚು ಆಳವಾಗಿ ಓದಿದರೋ ಅವರೇ ಹೆಚ್ಚು ಎಚ್ಚರದಿಂದಿದ್ದರು. ಓದದವರಿಗೆ ಈ ತೊಡಕೇ ಇಲ್ಲ.

ಓದದೆ ಪೂಜಿಸುವುದರ ಮಾತು ಬಂದಾಗ ಕಾರ್ಕಳಕ್ಕೆ ಹತ್ತಿರದ ಮೂಡುಬಿದಿರೆಯನ್ನು ನೆನೆಯಬೇಕು. ದಿಗಂಬರ ಜೈನರಿಗೆ ಪರಮಪವಿತ್ರವಾದ ಷಟ್ಖಂಡಾಗಮವೂ ಅದರ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯೂ ಹಳಗನ್ನಡ ಲಿಪಿಯ ಓಲೆಗಳಲ್ಲಿ ಅಲ್ಲಿಯ ಬಸದಿಯಲ್ಲಿ ಉಳಿದುಬಂದವು. ಬಹುಕಾಲ ಅವು ದರ್ಶನಕ್ಕೆ ಮತ್ತು ಪೂಜೆಗೆ ಮಾತ್ರ ಇದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವನ್ನು ಪ್ರತಿ ಮಾಡುವ ಕೆಲಸ ಆರಂಭವಾಯಿತು. 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅವು ಅಚ್ಚಾಗತೊಡಗಿ ವಿದ್ವಾಂಸರ ಕೈಗೆ ಬಂದವು. ಓಲೆ ಕಾಪಾಡಿದವರ ಭಕ್ತಿ ದೊಡ್ಡದು, ಅವರಿಲ್ಲದಿದ್ದರೆ ಗ್ರಂಥವೇ ಇರುತ್ತಿರಲಿಲ್ಲ. ಆದರೆ ಓದುವವರು ಬಂದ ಮೇಲೆಯೇ ಗ್ರಂಥ ಮಾತನಾಡಿತು. ಇನ್ನೊಂದು ಸಂಗತಿಯೂ ಗಮನಾರ್ಹ. ತೀರ್ಥಂಕರರ ಮೂಲ ಅಂಗಗ್ರಂಥಗಳು ಕಾಲಕ್ರಮದಲ್ಲಿ ಲುಪ್ತವಾದವು, ಉಳಿದ ತಿಳಿವಳಿಕೆ ನಶಿಸಬಾರದೆಂದು ಧರಸೇನಾಚಾರ್ಯರು ಪುಷ್ಪದಂತ ಭೂತಬಲಿಗಳಿಗೆ ಉಪದೇಶಿಸಿದರು ಎಂದು ದಿಗಂಬರರೇ ಹೇಳಿಕೊಳ್ಳುತ್ತಾರೆ. ನಮ್ಮ ಕೈಯಲ್ಲಿರುವುದು ಪೂರ್ತಿಯಲ್ಲ ಎಂದು ಒಪ್ಪಿಕೊಂಡೇ ಒಂದು ಧರ್ಮ ಇಷ್ಟು ಶತಮಾನ ಬಾಳಿದೆ. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ನಿಂತ ಬಾಹುಬಲಿ ಆ ಒಪ್ಪಿಗೆಯಿಂದ ಅಲುಗಲಿಲ್ಲ.

ಕ್ರೈಸ್ತರ ಇತಿಹಾಸದಲ್ಲಿಯೂ ಇದೇ ಪಾಠವಿದೆ. ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಗಳ ಪ್ರಯತ್ನದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅನಂತರ ಬಂದವರು ಆ ಅನುವಾದವನ್ನು ಹಲವು ಬಾರಿ ತಿದ್ದಿದರು. ದೇವರ ವಾಕ್ಯ ಬದಲಾಗದು ಎಂದು ನಂಬಿದವರೇ ಅದರ ಕನ್ನಡವನ್ನು ಬದಲಿಸಿದರು, ಬದಲಿಸಿದ್ದು ಸರಿಯೂ ಆಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ನಮ್ಮ ಪುರಾಣಗಳನ್ನು ಸತ್ಯವೆಂದು ಒಪ್ಪಿದವರಲ್ಲ. ಆದರೂ ಅವರಲ್ಲಿ ಒಬ್ಬರಾದ ಹೆರ್ಮನ್ ಮೋಗ್ಲಿಂಗ್ ಆ ಶತಮಾನದ ನಡುವಿನಲ್ಲಿ ಭೀಮಕವಿಯ ಬಸವಪುರಾಣವನ್ನು ಮಂಗಳೂರಿನಲ್ಲಿ ಮುದ್ರಿಸಿದರು. ವಾದ ಮಾಡಲು ಬಂದವನು ಮೊದಲು ಎದುರಾಳಿಯ ಗ್ರಂಥವನ್ನು ಓದಿದ, ಓದುವುದಕ್ಕಾಗಿ ಅಚ್ಚುಹಾಕಿದ, ಅದರಿಂದ ನಮ್ಮ ಪುರಾಣವೇ ಉಳಿಯಿತು. ಎದುರಿನವರ ಗ್ರಂಥವನ್ನು ಒಂದು ಪುಟವೂ ತೆರೆಯದೆ ಅದರಲ್ಲಿ ಸಾವಿರ ತಪ್ಪಿದೆ ಎನ್ನುವ ನಮ್ಮವರು ಇದನ್ನು ಯೋಚಿಸಬೇಕು.

ಇಷ್ಟು ಹೊತ್ತು ಅನ್ಯರ ಮಾತಾಯಿತು. ಇನ್ನು ನಮ್ಮ ಮನೆಯ ಮಾತು. ಹನ್ನೆರಡನೆಯ ಶತಮಾನದ ಶರಣರು ಕಣ್ಣುಮುಚ್ಚಿ ಗ್ರಂಥ ನಂಬಿದವರಲ್ಲ. ವೇದ ಶಾಸ್ತ್ರ ಪುರಾಣಗಳನ್ನು ಅನುಭವದ ಒರೆಗಲ್ಲಿಗೆ ಹಚ್ಚಿ, ದಯೆಗೆ ವಿರುದ್ಧವಾದುದನ್ನು ನಿರ್ಭಯವಾಗಿ ಬದಿಗಿಟ್ಟವರು. ಆದರೆ ಅವರ ವಚನಗಳನ್ನೇ ನಾವು ಏನು ಮಾಡಿದೆವು? ಓಲೆಗರಿಯ ಕಟ್ಟುಗಳನ್ನು ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜಿಸಿದೆವು, ಬಿಚ್ಚಲಿಲ್ಲ. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಬೇಡಿ ತಂದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದ ಮೇಲೆ ನಾವು ಓದತೊಡಗಿದೆವು. ಓದತೊಡಗಿದಾಗ ಪ್ರತಿಯಿಂದ ಪ್ರತಿಗೆ ಪಾಠ ಬೇರೆಯಾಗಿರುವುದು ಕಂಡಿತು. ಶೂನ್ಯಸಂಪಾದನೆಯೇ ನಾಲ್ವರು ಸಂಪಾದಕರ ಕೈಯಲ್ಲಿ ನಾಲ್ಕು ರೂಪ ತಾಳಿದೆ. ಅದರಿಂದ ಅಲ್ಲಮಪ್ರಭುವಿನ ತೇಜಸ್ಸು ಕುಂದಿತೇ? ಇಲ್ಲ. ಆ ನಾಲ್ಕು ರೂಪಗಳನ್ನು ಎದುರುಬದುರಿಟ್ಟು ಓದುವವರಿಗೆ ಪ್ರಭು ಇನ್ನಷ್ಟು ಹತ್ತಿರವಾಗುತ್ತಾರೆ.

ಆದರೂ ನಮ್ಮಲ್ಲಿ ಜಗಳ ತಪ್ಪಲಿಲ್ಲ. ಮಾತೆ ಮಹಾದೇವಿಯವರು ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತವಾದ ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂದು ಬದಲಿಸಿದರು. 1998ರಲ್ಲಿ ರಾಜ್ಯ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಸರ್ಕಾರದ ಆದೇಶವೇ ಉಳಿಯಿತು. ವಚನಕಾರರ ಅಂಕಿತವನ್ನು ಮುಟ್ಟಬಾರದೆಂಬುದೇ ನಮ್ಮ ಅಭಿಪ್ರಾಯ. ಆದರೆ ಅಂಕಿತದ ಅಕ್ಷರಕ್ಕಾಗಿ ಬೀದಿಗಿಳಿದ ನಮ್ಮಲ್ಲಿ ಎಷ್ಟು ಮಂದಿ ಆ ಅಂಕಿತದ ಮೇಲಿನ ಸಾಲುಗಳಂತೆ ನಡೆದೆವು? ಮತ್ತೆ 2018ರ ಮಾರ್ಚಿಯಲ್ಲಿ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆಗಾಗಿ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿದ ಹೊತ್ತಿನಲ್ಲಿ ಒಂದು ಪಕ್ಷ ಸಿದ್ಧಾಂತ ಶಿಖಾಮಣಿಯನ್ನೂ ಇನ್ನೊಂದು ಪಕ್ಷ ವಚನಗಳನ್ನೂ ಗುರಾಣಿಯಂತೆ ಎತ್ತಿ ಹಿಡಿದವು. ಕೇಂದ್ರ ಸರ್ಕಾರ ಆ ಶಿಫಾರಸನ್ನು ಒಪ್ಪಲಿಲ್ಲ. ಆದರೆ ಅಷ್ಟರಲ್ಲಿ ಒಂದೇ ಮನೆತನದ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕೂರದಂತಾದುದನ್ನು ನಾವು ಕಂಡಿದ್ದೇವೆ.

ಈ ಎರಡು ಪಕ್ಷಗಳವರೂ ಗಮನಿಸದ ಒಂದು ಮಾತನ್ನು ಈಗ ಹೇಳಬೇಕು. ಅಜೆಕಾರಿನ ಹಿರಿಯರು ಮಾತಿನ ನಡುವೆ ತಮ್ಮ ಮೊಮ್ಮಗಳ ಮೇಲೆ ಒಂದು ದೂರು ಹೇಳಿದರು. ಲಿಂಗದೀಕ್ಷೆಯಾದ ಹುಡುಗಿ, ಕಾಲೇಜಿಗೆ ಹೋಗುತ್ತಾಳೆ. ತಿಂಗಳ ಮೂರು ದಿನ ಲಿಂಗಪೂಜೆ ಮಾಡಬೇಡ, ಅಡುಗೆಮನೆಗೆ ಬರಬೇಡ ಎಂದರೆ ಕೇಳುವುದಿಲ್ಲವಂತೆ. ‘ಶಾಸ್ತ್ರದಲ್ಲಿ ಇದೆ ಎಂದರೆ ಎದುರುತ್ತರ ಕೊಡುತ್ತಾಳೆ ಬುದ್ಧಿ’ ಎಂದರು. ಯಾವ ಶಾಸ್ತ್ರದಲ್ಲಿ ಎಂದು ಕೇಳಿದೆವು. ಅವರು ಸುಮ್ಮನಾದರು. ನಮ್ಮ ಧರ್ಮದಲ್ಲಿ ಲಿಂಗಧಾರಿಗೆ ಪಂಚಸೂತಕಗಳಿಲ್ಲ. ಲಿಂಗಾರ್ಚನೆಯಲ್ಲಿ ನಿರತಳಾದ ಸ್ತ್ರೀ ರಜಸ್ವಲೆಯಾದರೂ ಸೂರ್ಯನಂತೆ, ಅಗ್ನಿಯಂತೆ, ವಾಯುವಿನಂತೆ ಶುಚಿ ಎಂಬ ಅಭಿಪ್ರಾಯ ಸಿದ್ಧಾಂತ ಶಿಖಾಮಣಿಯಲ್ಲಿಯೇ ಇದೆ. ಶರಣರ ವಚನಗಳೂ ಸೂತಕವನ್ನು ಅಲ್ಲಗಳೆಯುತ್ತವೆ. ವೀರಶೈವವೆನ್ನಿ, ಲಿಂಗಾಯತವೆನ್ನಿ, ಈ ಒಂದು ವಿಷಯದಲ್ಲಿ ಎರಡು ಗ್ರಂಥರಾಶಿಗಳೂ ಒಂದೇ ದನಿಯಲ್ಲಿ ಮಾತನಾಡುತ್ತವೆ. ಆದರೂ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಆ ಮೂರು ದಿನ ಎದೆಯ ಮೇಲಿನ ಲಿಂಗವನ್ನು ಮುಟ್ಟಲು ಅಂಜುತ್ತಾರೆ.

ಆ ಹಿರಿಯರು ನೆರೆಯವನಿಗೆ ಅವನ ಗ್ರಂಥದ ತಪ್ಪನ್ನು ತೋರಿಸಲು ಹೊರಟಿದ್ದರು. ತಮ್ಮ ಮನೆಯಲ್ಲಿ ತಮ್ಮದಲ್ಲದ, ಎಲ್ಲಿಯೂ ಬರೆದಿಲ್ಲದ ಒಂದು ಶಾಸ್ತ್ರವನ್ನು ತಪ್ಪದ ಶಾಸ್ತ್ರವೆಂದು ನಡೆಸುತ್ತಿದ್ದರು. ಇದು ಅವರೊಬ್ಬರ ಕಥೆಯಲ್ಲ. ನಾವು ಶಾಸ್ತ್ರ ಎನ್ನುವುದರಲ್ಲಿ ಅರ್ಧ ವಾಡಿಕೆ, ಕಾಲು ಭಾಗ ನೆರೆಹೊರೆಯವರ ಅಂಜಿಕೆ, ಉಳಿದದ್ದು ಎಂದೋ ಕೇಳಿದ ಮಾತು. ಶಾಸ್ತ್ರ ತಪ್ಪದು ಎಂಬ ಹಟದ ದೊಡ್ಡ ಅಪಾಯ ಇದೇ. ಅದು ಗ್ರಂಥವನ್ನು ಕಾಪಾಡುವುದಿಲ್ಲ, ಗ್ರಂಥದ ಹೆಸರಿನಲ್ಲಿ ಮನೆಯೊಳಗೆ ಬಂದದ್ದನ್ನೆಲ್ಲ ಕಾಪಾಡುತ್ತದೆ. ಮೊಮ್ಮಗಳ ಪೂಜೆಗೆ ಅಡ್ಡಿ ಮಾಡಬೇಡಿ, ಅವಳು ಶಾಸ್ತ್ರವನ್ನು ಮೀರುತ್ತಿಲ್ಲ, ನೀವು ಮರೆತ ಶಾಸ್ತ್ರವನ್ನು ನಡೆಸುತ್ತಿದ್ದಾಳೆ ಎಂದು ಅವರಿಗೆ ಹೇಳಿ ಕಳುಹಿಸಿದೆವು. ತೋಡಿನ ಕಟ್ಟದ ಕೆಲಸಕ್ಕೆ ಗ್ರಂಥದ ಅಪ್ಪಣೆ ಬೇಕಿಲ್ಲ, ಹಾರೆ ಹಿಡಿದು ನೀವೇ ಮೊದಲು ಹೋಗಿ ಎಂದೂ ಹೇಳಿದೆವು.

ಹಳೆಯ ಕಾಲದಲ್ಲಿ ವಾದಕ್ಕೆ ತಲೆಯನ್ನೇ ಪಣವಿಟ್ಟದ್ದುಂಟು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಶಾಸನವೊಂದಿದೆ. ಏಕಾಂತದ ರಾಮಯ್ಯನವರು ಜೈನರೊಡನೆ ವಾದಿಸಿ, ಓಲೆಯಲ್ಲಿ ಕರಾರು ಬರೆಸಿಕೊಂಡು, ತಲೆಯನ್ನು ಅರಿದು ಮರಳಿ ಪಡೆದರೆಂದೂ, ಜಿನನ ಪ್ರತಿಮೆಯನ್ನು ಕೆಡವಿದರೆಂದೂ, ಬಿಜ್ಜಳನು ಜಯಪತ್ರ ಕೊಟ್ಟನೆಂದೂ ಅದು ಹೇಳುತ್ತದೆ. ನಮ್ಮ ಪುರಾಣಿಕರು ಈ ಕಥೆಯನ್ನು ರೋಮಾಂಚನದಿಂದ ಹೇಳುತ್ತಾರೆ. ರಾಮಯ್ಯನವರ ಭಕ್ತಿಗೆ ನಾವು ತಲೆಬಾಗುತ್ತೇವೆ. ಆದರೆ ಆ ಜಯಪತ್ರವನ್ನು ಇಂದು ಕಾರ್ಕಳದ ಬಸದಿಯ ಮುಂದೆ ನಿಂತು ಓದಲು ನಮಗೆ ಮನಸ್ಸು ಬಾರದು. ಎದುರಿನವನ ದೇವರು ಒಡೆದುಹೋದ ಮೇಲೆ ಗೆದ್ದವನು ಯಾರೊಡನೆ ಬಾಳಬೇಕು?

ಶೂನ್ಯಸಂಪಾದನೆಯಲ್ಲಿ ಇನ್ನೊಂದು ಬಗೆಯ ವಾದವಿದೆ. ಗೋರಕ್ಷನು ತನ್ನದು ವಜ್ರಕಾಯವೆಂದು ಹೆಮ್ಮೆಪಟ್ಟಾಗ ಪ್ರಭುದೇವರು ಅವನ ಮೇಲೆ ಕತ್ತಿ ಬೀಸಿದರು. ಕತ್ತಿ ಖಣಿಲೆಂದಿತು, ಕೂದಲೂ ಕೊಂಕಲಿಲ್ಲ. ಬಳಿಕ ಗೋರಕ್ಷನು ಬೀಸಿದ ಕತ್ತಿ ಪ್ರಭುವಿನ ದೇಹದಲ್ಲಿ ಬಯಲಿನಲ್ಲಿ ಸುಳಿದಂತೆ ಸುಳಿದು ಹೋಯಿತು, ಯಾವ ಸದ್ದೂ ಇರಲಿಲ್ಲ. ನನ್ನದು ತಪ್ಪದು ಎಂದು ಗಟ್ಟಿಯಾಗಿ ನಿಂತವನಿಗೆ ಪ್ರತಿಯೊಂದು ಪ್ರಶ್ನೆಯೂ ಪೆಟ್ಟಾಗಿ ತಾಗಿ ಸದ್ದು ಮಾಡುತ್ತದೆ. ತಿಳಿಯಬೇಕೆಂದು ಕುಳಿತವನಿಗೆ ಪ್ರಶ್ನೆ ತಾಗುವುದೇ ಇಲ್ಲ, ಅವನೊಳಗೆ ಹಾದು ಹೋಗಿ ಬೆಳಕನ್ನಷ್ಟೇ ಉಳಿಸುತ್ತದೆ. ಗೋರಕ್ಷನು ಕೊನೆಗೆ ಪ್ರಭುವಿಗೆ ಶರಣಾದನು. ಅವನಿಗೆ ಅಲ್ಲಿ ಯಾವ ಗಾಯವೂ ಆಗಲಿಲ್ಲ.

ಆದುದರಿಂದ ಸದ್ಭಕ್ತರು ಮೂರು ಮಾತುಗಳನ್ನು ನೆನಪಿಡಬೇಕು. ಎದುರಿನವರ ಗ್ರಂಥವನ್ನು ಓದದೆ ಅದರ ತಪ್ಪು ಹೇಳಬೇಡಿ, ನಿಮ್ಮದನ್ನು ಓದದೆ ಅದರ ಹಿರಿಮೆಯನ್ನೂ ಹೇಳಬೇಡಿ. ಒಂದು ವಾಕ್ಯ ಕಣ್ಣಿಗೆ ಕಾಣುವ ಸತ್ಯಕ್ಕೆ ವಿರುದ್ಧವಾಗಿ ನಿಂತರೆ ಓಲೆ ಬರೆದವನ ಕೈ, ಅರ್ಥ ಹೇಳಿದವನ ಬಾಯಿ, ಕೇಳಿದ ನಿಮ್ಮ ಕಿವಿ, ಈ ಮೂರನ್ನೂ ಮೊದಲು ಪರೀಕ್ಷಿಸಿ. ಒಂದು ವಾಕ್ಯದಿಂದ ಬಡವನಿಗೋ ಹೆಣ್ಣುಮಗಳಿಗೋ ನೆರೆಯವನಿಗೋ ನೋವಾಗುವುದಾದರೆ ಅದನ್ನು ದೇವರ ಮಾತೆಂದು ಅವರ ಮೇಲೆ ಹೇರಬೇಡಿ. ದಯೆಯನ್ನು ಧರ್ಮದ ಬೇರಿನಲ್ಲಿ ಇಟ್ಟವರು ಬಸವಣ್ಣನವರು. ಬೇರು ಕಡಿದು ಎಲೆಗೆ ನೀರು ಹನಿಸಿದರೆ ಫಲವೇನು?

ಶ್ರಾವಣ ಮಾಸದಲ್ಲಿ ನಮ್ಮ ಊರುಗಳಲ್ಲಿ ಪುರಾಣ ಹೇಳಿಸುವುದು ಸಂಪ್ರದಾಯ. ಪುರಾಣ ಮುಗಿದ ಮೇಲೆ ಮಂಗಳಾರತಿಗೆ ಮೊದಲು ಅರ್ಧ ಗಂಟೆ ಪ್ರಶ್ನೆಗೆ ಬಿಡಿ. ಹೆಣ್ಣುಮಕ್ಕಳು ಕೇಳಲಿ, ಓದಿದ ಹುಡುಗರು ಕೇಳಲಿ, ಬೇರೆ ಮತದ ನೆರೆಯವರು ಬಂದರೆ ಅವರನ್ನು ಮುಂದೆ ಕೂರಿಸಿ. ಪ್ರಶ್ನೆ ಕೇಳಿದವರ ಮೇಲೆ ಹಿರಿಯರು ಸಿಟ್ಟಾಗದಿರಲಿ. ಉತ್ತರ ತಿಳಿಯದಿದ್ದರೆ ‘ಓದಿ ಹೇಳುತ್ತೇವೆ’ ಎನ್ನಲು ಪುರಾಣಿಕರು ಸಂಕೋಚಪಡದಿರಲಿ. ಓಲೆಗರಿಗಳಿಗೆ ಹುಳು ಹಿಡಿಯದಂತೆ ನಮ್ಮ ಹಿರಿಯರು ವರ್ಷಕ್ಕೊಮ್ಮೆ ಅವನ್ನು ಬಿಚ್ಚಿ ಬಿಸಿಲಿಗೆ ಹರವುತ್ತಿದ್ದರು. ನಮ್ಮ ನಂಬಿಕೆಗಳಿಗೂ ಅಷ್ಟು ಬಿಸಿಲು ಬೇಕು.

ಸಮಸ್ತರಿಗೂ ಸನ್ಮಂಗಳವಾಗಲಿ.